ನಗೂದಿಲ್ರಿ ಸಾವಕಾರ್ರ

ಕೊಣ್ಣೂರಿನ ಮದುವೆ ಮಂಟಪದಲ್ಲಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದಾಗಿತ್ತು. ಮಂದಿ ಪಂಕ್ತಿಯಲ್ಲಿ ಕುಂತು ಹುಗ್ಗಿಯ ಮೇಲೆ ತುಪ್ಪ ಸುರುವಿಸಿಕೊಳ್ಳುತ್ತಿದ್ದರು. ಬಾಜೂಕ ಮೈಕು ಹಿಡಿದವನೊಬ್ಬ ಒಂದು ಕೈ ಕಿವಿಗೆ ಇಟ್ಟುಕೊಂಡು, ಬಂದ ಆಯೇರಿ ಉಡುಗೊರೆಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಿದ್ದ.

"ನಾಗನೂರಿನ ಬೀಗರಿಂದ ಗ್ವಾಡಿ ಗಡಿಯಾರ ಒಂದು! ಗೋಕಾಕದ ಹ್ಯಾಂಡ್‌ಬ್ರೇಕ್ ಅಕ್ಕಾರಿಂದ ಸ್ಟೀಲ್ ಕೊಡಾ ಒಂದು!"

ಬಾಯಿಗೆ ಹೊರಟಿದ್ದ ರಾಜೇಶ್ವರಿಯ ಕೈ ಅರ್ಧ ದಾರಿಯಲ್ಲೇ ನಿಂತಿತು. ಮದುಮಗಳು ಅವಳ ಸ್ವಂತ ಚಿಕ್ಕಪ್ಪನ ಮಗಳು. ಮಂಟಪದ ತುಂಬ ತವರಿನ ಬಳಗ, ಸಾಲಿಯಲ್ಲಿ ಜೊತೆಗೆ ಕಲಿತವರು, ಅಕ್ಷರ ಕಲಿಸಿದ ಗುರುಗಳು. ಎಲ್ಲರೂ ಎಲೆ ಬಿಟ್ಟು ತಲೆ ಎತ್ತಿ ನೋಡಿದರು. ಮೈಕಿನವನಿಗೆ ಯಾರಿಗೂ ಕೇಳಿಸಲಿಲ್ಲವೇನೋ ಅನಿಸಿತು. ಮತ್ತೂ ಜೋರಾಗಿ ಕೂಗಿದ. "ಹ್ಯಾಂಡ್‌ಬ್ರೇಕ್ ಅಕ್ಕಾರು! ಸ್ಟೀಲ್ ಕೊಡಾ!"

ಊಟ ಬಿಟ್ಟು ಎದ್ದು ಹೋಗಿ ರಾಜೇಶ್ವರಿ ಅವನ ಎದುರು ನಿಂತಳು.

"ಯಾಕಪಾ, ನನಗ ಹೆಸರಿಲ್ಲೇನು?"

ಅವನು ಪಾಪದವನು. ಹೋದ ವರ್ಷ ಗೋಕಾಕದಲ್ಲಿ ಟ್ರ್ಯಾಕ್ಟರ್ ಕೊಂಡಾಗ ಅವಳನ್ನು ನೋಡಿದ್ದ. ಹುಬ್ಬು ಮೇಲೇರಿಸಿ ಮೈಕು ಬಾಯಿಂದ ದೂರ ಹಿಡಿಯುವುದನ್ನೂ ಮರೆತು ಕೇಳಿದ. "ಅಯ್ಯ, ಅದು ನಿಮ್ಮ ಹೆಸರಲ್ಲೇನ್ರಿ ಅಕ್ಕಾರ? ಮತ್ತ ಖರೆ ಹೆಸರು ಏನ್ರಿ?"

ಆ ಪ್ರಶ್ನೆಯೂ ಇಡೀ ಮಂಟಪಕ್ಕೆ ಕೇಳಿಸಿತು.

ಈ ಹೆಸರು ಹುಟ್ಟಿದ್ದು ಶಿದ್ಲಿಂಗಪ್ಪ ಸಾವಕಾರರ ಬಾಯಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವರ ಟ್ರ್ಯಾಕ್ಟರ್ ಶೋರೂಮುಗಳಿದ್ದವು. ರಾಜೇಶ್ವರಿ ಗೋಕಾಕದಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ಸಾವಕಾರರು ಕೆಟ್ಟ ಮನುಷ್ಯರಲ್ಲ. ಪಗಾರ ಹೊತ್ತಿಗೆ ಸರಿಯಾಗಿ ಕೊಡುವರು, ಕೆಲಸದವರ ಮನೆಯಲ್ಲಿ ಯಾರಿಗಾದರೂ ಬ್ಯಾನಿಯಾದರೆ ಕೇಳುವ ಮೊದಲೇ ತಮ್ಮ ಜೀಪು ಕಳಿಸುವರು. ಎಲೆ ಅಡಿಕೆ ಇಲ್ಲ, ತಂಬಾಕು ಇಲ್ಲ. ಇದ್ದ ಒಂದೇ ಚಟ ಅಂದರೆ ಜೋಕು. ಆ ಜೋಕಿಗೆ ದಿನಾ ಯಾರಾದರೊಬ್ಬರು ಬಲಿ ಬೇಕು.

ಕೆಲಸಕ್ಕೆ ಬಂದವರ ಹೆಸರು ಅವರ ಬಾಯಲ್ಲಿ ಒಂದು ವಾರ ಉಳಿದರೆ ಹೆಚ್ಚು. ಅಷ್ಟರೊಳಗೆ ಟ್ರ್ಯಾಕ್ಟರಿನ ಯಾವುದೋ ಒಂದು ಭಾಗ ಆ ಮನುಷ್ಯನಿಗೆ ಅಂಟಿಕೊಳ್ಳುತ್ತಿತ್ತು. ಕಾಗದ ಸರಿಯಾಗುವ ತನಕ ಗಾಡಿ ಹೊರಗೆ ಬಿಡದ ರಾಜೇಶ್ವರಿ ಹ್ಯಾಂಡ್‌ಬ್ರೇಕ್ ಆದಳು. ಲಗೂನೆ ಸಿಟ್ಟಿಗೇಳುವ ಮೆಕ್ಯಾನಿಕ್ ಮಲ್ಲೇಶ ರೇಡಿಯೇಟರ್. ಗಂಟಲು ದೊಡ್ಡದಿದ್ದ ಸೇಲ್ಸಿನ ಕೇದಾರಿ ಸೈಲೆನ್ಸರ್. ಮೊಣಕಾಲು ನೋವಿನಿಂದ ಎಲ್ಲರ ಹಿಂದೆ ನಿಧಾನವಾಗಿ ಬರುವ, ಚಹಾ ಮಾಡುವ ಗೌರಕ್ಕ ಟ್ರಾಲಿ.

ಸೋಮವಾರ ಮುಂಜಾನೆ ಮೂರೂ ಊರಿನ ಮಂದಿ ಗೋಕಾಕದಲ್ಲಿ ಕೂಡಬೇಕು. ಅದಕ್ಕೆ ಮೀಟಿಂಗ್ ಅಂತ ಹೆಸರು. ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ತರಿಸಿ, ಎಲ್ಲರ ಕೈಗೆ ತಟ್ಟೆ ಕೊಟ್ಟು, ಯಾರೂ ಎದ್ದು ಹೋಗಲಾರದಂತೆ ಮಾಡಿ, ಸಾವಕಾರರು ಜೋಕು ಶುರು ಮಾಡುತ್ತಿದ್ದರು. ಹೇಳಿದ ಮೇಲೆ ಒಂದೊಂದೇ ಮುಖ ನೋಡುತ್ತ ಬರುವರು. ಯಾರ ಮುಖದಲ್ಲಿ ನಗು ಕಾಣಲಿಲ್ಲವೋ ಅವರ ಮುಂದೆ ನಿಂತು, "ತಿಳೀಲಿಲ್ಲೇನು? ಮತ್ತೊಮ್ಮೆ ಹೇಳಲೇನು?" ಅನ್ನುವರು. ಮತ್ತೊಮ್ಮೆ ಹೇಳಿಬಿಡುತ್ತಾರಲ್ಲ ಎಂಬ ಅಂಜಿಕೆಗೇ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಮದುವೆಯ ಮರುದಿನ ಸೋಮವಾರ. ಮೀಟಿಂಗು ಮುಗಿದು ಸಾವಕಾರರು ಬ್ಯಾಂಕಿಗೆ ಹೋದದ್ದೇ ತಡ, ರಾಜೇಶ್ವರಿ ಎಲ್ಲರನ್ನೂ ಸ್ಪೇರ್ ಪಾರ್ಟ್ಸಿನ ಖೋಲಿಗೆ ಕರೆದು ಕಥೆ ಹೇಳಿದಳು. ಸ್ಟೀಲ್ ಕೊಡವನ್ನೂ ಬಿಡಲಿಲ್ಲ.

"ಸಾಕು ಬಿಡ್ರಿ," ಎಂದು ಮಲ್ಲೇಶ ನಟ್ಟು ಬಿಚ್ಚುವ ಪಾನಾ ಎತ್ತಿ ನೆಲಕ್ಕೆ ಬಡಿದ. "ಇವತ್ತ ಅವರ ಜೀಪಿನ ಡೀಸೆಲ್ ಟ್ಯಾಂಕಿನ್ಯಾಗ ಸಕ್ಕರಿ ಸುರುವತೇನಿ. ರಸ್ತಾದಾಗ ಬಂದ್ ಬೀಳ್ಲಿ. ಆವಾಗ ಹೇಳ್ಲಿ ಜೋಕು, ಎಮ್ಮಿಗೋಳಿಗೆ."

"ನನ್ನ ಡಬ್ಬ್ಯಾಗಿನ ಸಕ್ಕರಿ ಮುಟ್ಟಬ್ಯಾಡಪಾ," ಅಂದಳು ಗೌರಕ್ಕ. "ಚಾಕ್ಕ ಸಾಲೂದಿಲ್ಲ. ಬೆಲ್ಲ ಆದ್ರ ನಡೀತೈತೇನು ನೋಡು."

ಮೂಲೆಯಲ್ಲಿ ಒಂದು ಬೆರಳು ಮೇಲೆದ್ದಿತು. ಹುಕ್ಕೇರಿ ಶೋರೂಮಿಗೆ ಹೊಸದಾಗಿ ಬಂದಿದ್ದ ಸಂಘಮಿತ್ರಾಳದು. ಮಾತಾಡುವ ಮೊದಲು ಬೆರಳೆತ್ತುವುದು ಅವಳ ರೂಢಿ. ಆ ಬೆರಳಿನ ದೆಸೆಯಿಂದ ಅಂದು ಮುಂಜಾನೆಯಷ್ಟೇ ಅವಳು ಇಂಡಿಕೇಟರ್ ಆಗಿದ್ದಳು.

"ಸಕ್ಕರಿ ಬ್ಯಾಡ, ಬೆಲ್ಲಾನೂ ಬ್ಯಾಡ," ಎಂದಳು. "ಜೀಪು ಕೆಟ್ರ ಸಾವಕಾರ್ರು ಅದನ್ನ ಯಾರ ಕಡೆ ರಿಪೇರಿ ಮಾಡಸ್ತಾರ, ಮಲ್ಲೇಶಣ್ಣಾ?"

ಮಲ್ಲೇಶ ತಲೆ ಕೆರೆದುಕೊಂಡ. "ನನ್ನ ಕಡೆನ."

"ಹಂಗಾರ ಪೆಟ್ಟು ಯಾರಿಗೆ ಬಿತ್ತು? ನಮಗ ಸಾವಕಾರ್ರ ಮ್ಯಾಲ ದ್ವೇಷ ಇಲ್ಲ. ಅವರ ಚಟದ ಮ್ಯಾಲ ಸಿಟ್ಟೈತಿ. ಚಟ ಬಿಡಸಬೇಕು, ಮನಷ್ಯಾನ್ನ ಉಳಿಸಿಕೋಬೇಕು." ಅವಳ ಬೆರಳು ಇನ್ನೂ ಮೇಲೆಯೇ ಇತ್ತು. "ನಮ್ಮ ಬಾಬಾಸಾಹೇಬ್ರು ಮಹಾಡದ ಕೆರಿ ನೀರು ಮುಟ್ಟಾಕ ಹೋದಾಗ ಕೈಯಾಗ ಬಡಿಗಿ ಇರಲಿಲ್ಲ. ಬಗ್ಗಿ ಬೊಗಸ್ಯಾಗ ನೀರು ತಗೊಂಡ್ರು, ಅಷ್ಟ. ನಾವೂ ಅಷ್ಟ ಮಾಡೂಣು. ನಗೂದು ಬಿಡೂಣು."

"ಏನು?" ಅಂದ ಕೇದಾರಿ.

"ಹೌದಣ್ಣಾ. ಅವರ ಜೋಕು ನಡ್ಯಾಕತ್ತಿದ್ದು ನಮ್ಮ ನಗಿ ಮ್ಯಾಲ. ನಗಿ ನಮ್ಮದು, ಕೊಡೂದು ಬಿಡೂದು ನಮ್ಮ ಕೈಯಾಗ ಐತಿ. ಮೊದಲ ಅವರಿಗೇ ಹೇಳಬೇಕು, ಕದ್ದು ಮಾಡೂದಲ್ಲ. ಅಡ್ಡಹೆಸರಿಗೆ ಓ ಅನ್ನಬಾರದು. ಕೆಲಸ ಮಾತ್ರ ಮೊದಲಕಿಂತ ಚಲೋ ಮಾಡಬೇಕು. ಅವರು ಏನಂದ್ರೂ ತಿರುಗಿ ಅನ್ನಬಾರದು."

"ಒಂದು ಹೆಸರಿನ ಸಲುವಾಗಿ ಇಷ್ಟೆಲ್ಲಾ ಯಾಕ ತಂಗಿ?" ಎಂದ ಕೇದಾರಿ. ಅವನಿಗೆ ಸೈಲೆನ್ಸರ್ ಅಂದರೆ ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

ಸಂಘಮಿತ್ರಾ ಬೆರಳು ಕೆಳಗಿಳಿಸಿದಳು. "ನಮ್ಮಜ್ಜನ್ನ ಊರಾಗ ಒಬ್ರೂ ಹೆಸರು ಹಿಡಿದು ಕರೀಲಿಲ್ಲಣ್ಣಾ. ಸಾಯೂ ತನಕಾ ಏ ಅಂತಿದ್ರು, ಇಲ್ಲಾ ಜಾತಿ ಅಂತಿದ್ರು. ಸಂಘಮಿತ್ರಾ ಅನ್ನೂ ಹೆಸರು ನಮ್ಮಪ್ಪ ಭಾಳ ಹುಡುಕಿ ಇಟ್ಟಾನ. ಅದು ನನಗ ಹಗುರಲ್ಲ."

ಮಲ್ಲೇಶ ನೆಲದ ಮೇಲಿನ ಪಾನಾ ಎತ್ತಿ ಅದರ ಜಾಗದಲ್ಲಿ ಸದ್ದಾಗದಂತೆ ಇಟ್ಟ. ರಾಜೇಶ್ವರಿ ಸೆರಗು ಬಿಗಿ ಮಾಡಿಕೊಂಡಳು. "ಹೇಳೂ ಕೆಲಸ ನಂದು," ಎಂದಳು.

ಸಾವಕಾರರು ಬ್ಯಾಂಕಿನಿಂದ ಬಂದು ಕುರ್ಚಿಯಲ್ಲಿ ಕುಂತಿದ್ದರು. ರಾಜೇಶ್ವರಿ ಬಾಗಿಲಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡಳು.

"ಬಾರವಾ ಹ್ಯಾಂಡ್‌ಬ್ರೇಕ್."

"ಸಾವಕಾರ್ರ, ನಿಮ್ಮ ಮ್ಯಾಲ ನಮಗ ಗೌರವ ಐತ್ರಿ. ಆದ್ರ ಮುಂದಿನ ಸೋಮವಾರದಿಂದ ನಮ್ಮ ಮ್ಯಾಲ ಮಾಡಿದ ಜೋಕಿಗೆ ನಾವು ನಗೂದಿಲ್ರಿ. ಅಡ್ಡಹೆಸರಿಗೆ ಓ ಅನ್ನೂದಿಲ್ರಿ. ಹೆಸರು ಹಿಡಿದು ಕರದ್ರ ಓಡಿ ಬರತೇವ್ರಿ. ಮೊದಲ ತಿಳಿಸಬೇಕು ಅಂತ ಬಂದೇನ್ರಿ."

ಸಾವಕಾರರು ಅವಳನ್ನೇ ನೋಡಿದರು. ಅವರ ಗಲ್ಲ ನಡುಗಿತು, ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಮೇಜು ಬಡಿಬಡಿದು ನಕ್ಕರು. "ಯವ್ವಾ, ಯವ್ವಾ! ನಗೂದಿಲ್ಲಂತ! ಇಷ್ಟು ವರ್ಷದಾಗ ಇಂಥಾ ಜೋಕು ನನಗೂ ಹೊಳೀಲಿಲ್ಲ ನೋಡು!" ಎನ್ನುತ್ತ ಮೂಡಲಗಿಗೆ ಫೋನು ಹಚ್ಚಿ ಅಲ್ಲಿಯ ಮಂದಿಗೂ ಹೇಳಿದರು. ರಾಜೇಶ್ವರಿ ಕೈ ಮುಗಿದು ಹೊರಗೆ ಬಂದಳು.

ಆ ವಾರವಿಡೀ ತಾಲೀಮು ನಡೆಯಿತು. ಬೈಗುಳ ತಿಂದು ಸುಮ್ಮನಿರುವುದನ್ನೂ ಸತ್ಯಾಗ್ರಹದ ಚಳವಳಿಯವರು ಮೊದಲು ಮನೆಯೊಳಗೆ ಕಲಿಯುತ್ತಿದ್ದರಂತೆ, ಸುಮ್ಮನೆ ರಸ್ತೆಗೆ ಇಳಿಯುತ್ತಿರಲಿಲ್ಲವಂತೆ. ಹುಕ್ಕೇರಿಯಿಂದ ಸಂಘಮಿತ್ರಾ ಫೋನಿನಲ್ಲೇ ಎಲ್ಲ ಹೇಳಿಕೊಡುತ್ತಿದ್ದಳು. ಮಲ್ಲೇಶ ಅಂಗಿಯೊಳಗೆ ಟ್ರ್ಯಾಕ್ಟರ್ ಸೀಟಿನ ಗಾದಿ ತುರುಕಿಕೊಂಡು ಸಾವಕಾರರಾದ. ರಾಜೇಶ್ವರಿ, ಗೌರಕ್ಕ ಎರಡನೇ ದಿನಕ್ಕೇ ಪಾಸಾದರು. ಪೇಚಾಟ ಬಂದದ್ದು ಕೇದಾರಿಯಿಂದ. ಅವನ ನಗು ಚಳಿಗಾಲದಲ್ಲಿ ಡೀಸೆಲ್ ಎಂಜಿನ್ ಚಾಲೂ ಮಾಡಿದ ಹಾಗೆ. ಮೊದಲು ಖಿರ್ರ್ ಖಿರ್ರ್ ಎಂದು ಎಳೆಯುವುದು, ಹತ್ತಿಕೊಂಡಿತೋ ಇಡೀ ಶೋರೂಮು ಅಲುಗುವುದು. ಮಲ್ಲೇಶ ಬಾಯಿ ತೆರೆಯುವ ಮೊದಲೇ, ಆ ಗಾದಿ ನೋಡಿಯೇ ಅವನು ಹತ್ತಿಕೊಳ್ಳುತ್ತಿದ್ದ.

"ಸಾವಿನ ಮನಿ ನೆನಸಪಾ," ಎಂದಳು ಗೌರಕ್ಕ.

"ಅದೂ ನೋಡಿನಿ ಅಕ್ಕಾ. ನಮ್ಮ ಸ್ವಾದರಮಾವ ಸತ್ತಾಗ ಮಣ್ಣಿಗೆ ಹೋಗಿದ್ದೆ. ನಕ್ಕ ನಕ್ಕ, ನನ್ನ ಅಲ್ಲಿಂದ ಹೊರಗ ಹಾಕಿದ್ರು."

ಕಡೆಗೆ ಅವನೇ ಒಂದು ಉಪಾಯ ಕಂಡುಹಿಡಿದ. ಬಾಯಿ ತುಂಬ ನೀರು ಇಟ್ಟುಕೊಂಡು ಕೂಡುವುದು. ಬಾಯಲ್ಲಿ ನೀರಿದ್ದರೆ ನಗುವುದಾದರೂ ಎಲ್ಲಿಂದ?

ಸೋಮವಾರ ಬಂತು. ಸಾವಕಾರರು ಹೊಸ ಬಿಳಿ ಅಂಗಿ ತೊಟ್ಟು ಬಂದಿದ್ದರು. ಭಜಿ ಹಂಚಿಸಿದರು, ಮೀಸೆ ತೀಡಿದರು.

"ನಮ್ಮ ಹ್ಯಾಂಡ್‌ಬ್ರೇಕಿನ ಗಂಡನ ಗಾಡಿ ನೋಡೀರೇನು? ಎಂಥಾ ಇಳಕಲಿನ್ಯಾಗ ನಿಂದ್ರಿಸಿದ್ರೂ ಮುಂದ ಸರಿಯೂದಿಲ್ಲ. ಯಾಕ ಹೇಳ್ರಿ? ಹಿಂದಿನ ಸೀಟಿನ್ಯಾಗ ಇಕಿ ಕುಂತಿರತಾಳ!"

ಫ್ಯಾನಿನ ಗರಗರ ಒಂದೇ ಕೇಳಿಸಿತು. ಬೇರೆ ಯಾರ ಮೇಲಾದರೂ ಹೇಳಿದ್ದರೆ ತಾನು ಮನಸಾರೆ ನಗುತ್ತಿದ್ದೆ ಎಂದು ರಾಜೇಶ್ವರಿಗೆ ಆ ಹೊತ್ತಿನಲ್ಲೇ ತಿಳಿದು ನಾಚಿಕೆಯಾಯಿತು. ತುಟಿ ಅಲುಗುವಂತಾಯಿತು. ಅವಳು ಗಟ್ಟಿಯಾಗಿ ಜಿಎಸ್‌ಟಿ ನೆನೆಸಿಕೊಂಡಳು. ತುಟಿ ಜಾಗಕ್ಕೆ ಬಂತು. ಸಾವಕಾರರು ಒಂದೊಂದೇ ಮುಖ ನೋಡುತ್ತ ಬಂದರು. ರಾಜೇಶ್ವರಿ ಕಲ್ಲು. ಮಲ್ಲೇಶ ಕಲ್ಲು. ಸಂಘಮಿತ್ರಾ ಕಲ್ಲು. ಕೇದಾರಿಯ ಗಲ್ಲ ಎರಡೂ ಕಡೆ ಉಬ್ಬಿದ್ದವು, ಕಣ್ಣು ಹೊರಗೆ ಬಂದಿದ್ದವು.

"ಯಾಕಲೇ ಸೈಲೆನ್ಸರ್, ಹಲ್ಲು ಬ್ಯಾನಿ ಏನು?" ಎಂದು ಸಾವಕಾರರು ಬಗ್ಗಿ ನೋಡಿದರು.

ಅಷ್ಟೇ. ಪಿಚಕಾರಿ ಹೊಡೆದ ಹಾಗೆ ಬಾಯಿ ತುಂಬ ನೀರು ಅವರ ಮುಖಕ್ಕೆ, ಮೀಸೆಗೆ, ಹೊಸ ಬಿಳಿ ಅಂಗಿಗೆ ಬಿತ್ತು. ಸಾವಕಾರರು ಅಲುಗಲಿಲ್ಲ. ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ, "ಸೈಲೆನ್ಸರದಾಗ ನೀರು ಹೊಕ್ಕೈತಿ, ಬಿಚ್ಚಿ ಒಣಗಸರ್ಪಾ," ಎಂದರು.

ಇದು ಖರೆ ಅಂದರೆ ಬಹಳ ಚಲೋ ಜೋಕು. ಮಲ್ಲೇಶ ಏನೋ ಬಿದ್ದಿತೆಂಬಂತೆ ಟ್ರ್ಯಾಕ್ಟರಿನ ಕೆಳಗೆ ನುಸುಳಿದ. ಗೌರಕ್ಕ ಚಹಾದ ಕೆಟಲಿನ ಹಿಂದೆ ಮುಖ ಮುಚ್ಚಿಕೊಂಡಳು. ಸಂಘಮಿತ್ರಾ ದುಪಟ್ಟಾದ ತುದಿ ಕಚ್ಚಿದಳು. ಆದರೂ ಒಬ್ಬರೂ ನಗಲಿಲ್ಲ. ಸಾವಕಾರರ ಮುಖ ಮೆಲ್ಲಗೆ ಇಳಿಯಿತು. ಒದ್ದೆ ಅಂಗಿಯಲ್ಲೇ ಒಳಗೆ ಹೋದರು.

"ಎದುರಿನವ್ರಿಗೆ ಜಳಕ ಮಾಡಸೂದು ಅಹಿಂಸಾ ಅಲ್ಲ," ಎಂದು ಆಮೇಲೆ ಸಂಘಮಿತ್ರಾ ತೀರ್ಪು ಕೊಟ್ಟಳು. ಕೇದಾರಿ ಆ ಅಂಗಿಯನ್ನು ಕೇಳಿ ಇಸಿದುಕೊಂಡು, ತಾನೇ ಒಗೆದು, ಇಸ್ತ್ರಿ ಮಾಡಿಸಿ ತಂದುಕೊಟ್ಟ. ಸಾವಕಾರರು ತೆಗೆದುಕೊಂಡರು. ಅಂಗಿ ಹಿಡಿದುಕೊಂಡು ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರೆಂದು ಗೌರಕ್ಕ ಹೇಳಿದಳು.

ಎರಡು ದಿನಕ್ಕೆ ಅವರ ಹೆಂಡತಿ ಶಿವಗಂಗವ್ವ ರಿಕ್ಷಾ ಮಾಡಿಕೊಂಡು ಶೋರೂಮಿಗೆ ಬಂದರು. ನೇರ ರಾಜೇಶ್ವರಿಯ ಮುಂದೆ ಬಂದು ಕುರ್ಚಿ ಎಳೆದು ಕುಂತರು.

"ನಿಮ್ಮ ಕಾಲಿಗೆ ಬೀಳತೇನಿ, ನಗ್ರೆವಾ," ಎಂದರು.

"ಯಾಕ್ರಿ ಅಮ್ಮಾರ, ಏನಾತ್ರಿ?"

"ಏನಾಗೂದೈತಿ! ನೀವಿಲ್ಲಿ ನಗೂದು ಬಿಟ್ಟೀರಿ, ಆ ಜೋಕು ಎಲ್ಲಾ ಮನಿಗೆ ಬರಾಕತ್ತಾವು! ರೊಟ್ಟಿ ಬಡ್ಯಾಕ ಕುಂತ್ರ ಹಿಂದ ನಿಂತು ಹೇಳತಾರ. ಲಿಂಗಪೂಜಿಗೆ ಕುಂತ್ರ ಬಾಗಲದಾಗ ನಿಂತು ಹೇಳತಾರ. ನಿನ್ನೆ ಬಚ್ಚಲದ ಹೊರಗ ನಿಂತು, ತಿಳೀಲಿಲ್ಲೇನು ಅಂತ ಕೇಳಿದ್ರು. ಇಷ್ಟು ವರ್ಷ ನಾ ಸುಖದಾಗ ಇದ್ದದ್ದು ನಿಮ್ಮ ಪುಣ್ಯದಿಂದ ಅಂತ ಈಗ ಗೊತ್ತಾತು."

ರಾಜೇಶ್ವರಿಗೆ ಅಯ್ಯೋ ಅನಿಸಿತು. ಚಹಾ ತರಿಸಿ, ಮದುವೆ ಮಂಟಪದ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಶಿವಗಂಗವ್ವ ಕೇಳುತ್ತ ಕೇಳುತ್ತ ಚಹಾ ಆರಿಸಿಕೊಂಡರು.

"ನನಗ ಮದಿವ್ಯಾದ ವರ್ಷದಿಂದ ಬುಲ್ಡೋಜರ್ ಅಂತಾರ," ಎಂದರು ಕೊನೆಗೆ. "ಅದನ್ನ ಯಾರ ಮುಂದೂ ಹೇಳಿರಲಿಲ್ಲ ನೋಡು." ಎದ್ದು ನಿಂತು ಸೆರಗು ಹೊದ್ದುಕೊಂಡರು. "ಹೋಗ್ಲಿ ಬಿಡು. ನಗಬ್ಯಾಡ್ರಿ. ನಾ ಹೆಂಗರೆ ತಡಕೋತೇನಿ."

ಮರುದಿನ ಮುಂಜಾನೆ ಸಾವಕಾರರು ಸಾಲಿ ಮಕ್ಕಳ ಪಾಟಿಯೊಂದನ್ನು ಕೊರಳಿಗೆ ಹಾಕಿಕೊಂಡು ಬಂದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ನೀವು ನಗೂದಿಲ್ಲ. ನಾ ಮಾತಾಡೂದಿಲ್ಲ.

"ಇದೇನಿದು, ನಮ್ಮ ಹತ್ಯಾರಾನ ಕಸಗೊಂಡ್ರಲ್ಲ!" ಎಂದ ಮಲ್ಲೇಶ.

ರಾಜೇಶ್ವರಿ ಫೋನು ಹಚ್ಚಿ ಕೇಳಿದ್ದಕ್ಕೆ ಸಂಘಮಿತ್ರಾ, "ಮಾಡ್ಲಿ ರಾಜಕ್ಕಾ, ಅವರಿಗೂ ಹಕ್ಕೈತಿ. ನಾವು ನಮ್ಮ ಕೆಲಸ ಮಾಡೂಣು," ಎಂದಳು.

ಆದರೆ ಗಿರಾಕಿಗಳಿಗೆ ಈ ಹಕ್ಕಿನ ಸುದ್ದಿ ಯಾರು ಹೇಳಬೇಕು? ಮರುದಿನ ನಾಗನೂರಿನಿಂದ ಕಬ್ಬಿನ ರೈತನೊಬ್ಬ ಬಂದು, "ಸಾವಕಾರ್ರ, ಈ ಗಾಡಿ ಎಷ್ಟು ಎಳೀತೈತ್ರಿ?" ಎಂದು ಕೇಳಿದ. ಅಂದು ಸಾವಕಾರರು ಪಾಟಿಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಎರಡೂ ಕೈ ಅಗಲ ಮಾಡಿ, ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ, ಬಾಯಿ ಒಂದು ಕಡೆ ಸೊಟ್ಟ ಮಾಡಿ ಎಳೆಯುವ ಅಭಿನಯ ಮಾಡಿ ತೋರಿಸಿದರು. ರೈತ ಗಾಬರಿಯಾಗಿ ಹೊರಗೆ ಓಡಿದ. ಸಂಜೆಯೊಳಗೆ ಮೂಡಲಗಿಯಲ್ಲಿ ಸಾವಕಾರರಿಗೆ ಲಕ್ವಾ ಹೊಡೆದಿದೆಯೆಂದು ಸುದ್ದಿಯಾಯಿತು. ಹುಕ್ಕೇರಿ ಮುಟ್ಟುವಷ್ಟರಲ್ಲಿ ನಾಲಿಗೆ ಗಂಟಲೊಳಗೆ ಇಳಿದಿತ್ತು.

ಸೋಮವಾರ ಮುಂಜಾನೆ ಮೀಟಿಂಗಿಗೆ ಎಲ್ಲರೂ ಕೂಡುವ ಹೊತ್ತಿಗೆ ಶೋರೂಮಿನ ಮುಂದೆ ಜನ ಜಾತ್ರೆಯಾಗಿತ್ತು. ಬಾಳೆಹಣ್ಣು, ಬಿಸ್ಕೀಟು, ಎಳೆನೀರು. ನಿಡಸೋಸಿಯ ಮಠದಿಂದ ಅಂಗಾರದ ಬೂದಿ ತಂದವನೊಬ್ಬ ಸಾವಕಾರರ ಹಣೆಗೆ ಹಚ್ಚಿ, ಉಳಿದದ್ದನ್ನು ಬಾಯಿಗೂ ಹಾಕಿದ. ಸಾವಕಾರರು ಬೇಡ ಬೇಡವೆಂದು ತಲೆ ಅಲುಗಿಸಿದಷ್ಟೂ ಹೆಂಗಸರು, "ನೋಡ್ರೆವಾ, ತಲಿ ಹೆಂಗ ಅದುರಾಕತ್ತೈತಿ," ಎಂದು ಕಣ್ಣೊರೆಸಿಕೊಂಡರು.

ಆಗ ಮೂಡಲಗಿಯಿಂದ ಗಿಡಮೂಲಿಕೆ ಔಷಧ ಕೊಡುವ ರಾಚಪ್ಪಜ್ಜ ಬಂದ. ಕೈಯಲ್ಲಿ ಹಿತ್ತಾಳೆ ತಂಬಿಗೆ, ತಂಬಿಗೆಯಲ್ಲಿ ಹಸಿರು ಕಷಾಯ. ಅಜ್ಜನ ಹಿಂದೆ ಇಬ್ಬರು ದಾಂಡಿಗ ಅಳಿಯಂದಿರು.

"ಸರೀರಿ, ಸರೀರಿ! ಲಕ್ವಾಕ್ಕ ಇದ ಔಷಧ. ತಂಬಿಗಿ ಖಾಲಿ ಆಗೂದ್ರಾಗ ಮಾತು ಬರತಾವು."

ಕಷಾಯದ ವಾಸನೆಗೆ ಮುಂದಿದ್ದವರು ತಾವಾಗಿಯೇ ಹಿಂದೆ ಸರಿದರು. "ಕುಡೀಲಿ ಬಿಡ್ರಿ," ಎಂದು ಮಲ್ಲೇಶ ಪಿಸುಗುಟ್ಟಿದ. ರಾಜೇಶ್ವರಿ ಅವನತ್ತ ಒಮ್ಮೆ ನೋಡಿ ಮುಂದೆ ಬಂದಳು.

"ಅಜ್ಜಾರ, ಸಾವಕಾರ್ರಿಗೆ ಏನೂ ಆಗಿಲ್ರಿ. ಮೌನ ಹಿಡದಾರ, ಅಷ್ಟ."

"ಲಕ್ವಾ ಹೊಡದಾವ್ರ ಕಡಿ ಮಂದಿ ಮೊದಲ ಹಿಂಗ ಅಂತಾರವಾ," ಎಂದ ರಾಚಪ್ಪಜ್ಜ ದುಃಖದಿಂದ. "ಮೌನ ಅಂದಿ, ಯಾಕ ಹಿಡದಾರ ಹೇಳು ನೋಡೂಣು."

ರಾಜೇಶ್ವರಿ ಬಾಯಿ ತೆರೆದಳು. ಸಾವಕಾರರ ಕಣ್ಣು ಅವಳ ಕಣ್ಣಿಗೆ ಸಿಕ್ಕವು. ಊರಿನ ಮುಂದೆ ಹೇಳಬೇಡ ಎಂದು ಆ ಕಣ್ಣು ಬೇಡಿಕೊಳ್ಳುತ್ತಿದ್ದವು. ಮೈಕಿನ ಮುಂದೆ ನಿಂತಾಗ ತನಗೆ ಹೇಗಾಗಿತ್ತೆಂದು ಅವಳಿಗೆ ಮರೆತಿರಲಿಲ್ಲ. ತೆರೆದ ಬಾಯಿ ಮುಚ್ಚಿದಳು.

"ಹಿಡೀರ್ಯೋ," ಎಂದ ಅಜ್ಜ. ಒಬ್ಬ ಅಳಿಯ ಹೆಗಲು ಹಿಡಿದ, ಇನ್ನೊಬ್ಬ ಗಲ್ಲ ಹಿಡಿದ. ತಂಬಿಗೆ ಮೀಸೆಯ ಹತ್ತಿರ ಬಂತು. ಸಾವಕಾರರ ಮೌನ ಒಡೆಯಿತು.

"ಏ! ಹ್ಯಾಂಡ್‌ಬ್ರೇಕ್! ಹಿಡಿಯವಾ ಇವನ್ನ!"

ರಾಜೇಶ್ವರಿಯ ಕಾಲು ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ತಂದಿಟ್ಟಳು. ಯಾರೂ ಅಲುಗಲಿಲ್ಲ.

"ರೇಡಿಯೇಟರ್! ಲೇ ಸೈಲೆನ್ಸರ್! ಟ್ರಾಲಿ! ಇಂಡಿಕೇಟರ್!"

ರಾಚಪ್ಪಜ್ಜ ಮಂದಿಯ ಕಡೆ ತಿರುಗಿದ. "ಕೇಳಿದ್ರೇನು? ವಾಯು ತಲಿಗೇರೈತಿ. ಬಾಯಾಗ ಬರೇ ಟ್ರ್ಯಾಕ್ಟರ್ ಸಾಮಾನು ಬರಾಕತ್ತಾವು. ಇಡೀ ತಂಬಿಗಿ ಕುಡಸಬೇಕಾತು."

ಸಾವಕಾರರ ಹಣೆಯ ಮೇಲಿನ ಅಂಗಾರ ಬೆವರಿಗೆ ಕರಗಿ ಮೂಗಿಗೆ ಇಳಿಯಿತು. "ರಾಜೇಶ್ವರೀ!" ಎಂದು ಕೂಗಿದರು. "ರಾಜೇಶ್ವರಿ ತಂಗೀ! ಏ ತಮ್ಮಾ, ನೀ... ನಿನ್ನ ಹೆಸರೇನೋ, ಹಾಳಾದ್ದು ನೆನಪಿಗೆ ಬರವಲ್ದು..."

"ಮಲ್ಲೇಶ್ರಿ," ಎಂದ ಮಲ್ಲೇಶ. ಅವನ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

ರಾಜೇಶ್ವರಿ ಆಗಲೇ ಓಡಿ ಬಂದಿದ್ದಳು. ಆದರೆ ಹಿರಿಯ ಅಜ್ಜನ ಕೈ ತಿರುವುವಂತಿಲ್ಲ, ನೂಕುವಂತಿಲ್ಲ. ಎರಡೂ ಕೈಯಿಂದ ತಂಬಿಗೆ ಹಿಡಿದು, "ಅಜ್ಜಾರ, ಇವರ ಪಾಲಿಂದು ನಾ ಕುಡೀತೇನ್ರಿ," ಎಂದವಳೇ ಗಟಗಟ ಕುಡಿದಳು. ಬೇವು, ಹಾಗಲಕಾಯಿ, ಮತ್ತೆ ಹಳೆಯ ಎಂಜಿನ್ ಆಯಿಲ್ ಕೂಡಿಸಿ ಕುದಿಸಿದಂತಿತ್ತು. ಕಣ್ಣು ಕತ್ತಲೆಗಟ್ಟಿತು. ಅವಳ ಕೈಯಿಂದ ಮಲ್ಲೇಶ ಇಸಿದುಕೊಂಡು ಕುಡಿದ. ಅವನಿಂದ ಸಂಘಮಿತ್ರಾ. ಅವಳಿಂದ ಕೇದಾರಿ, ಈ ಸಲ ಒಂದು ಹನಿಯೂ ಹೊರಗೆ ಬರದಂತೆ. ತಳದಲ್ಲಿ ಉಳಿದ ಗಷ್ಟನ್ನು ಗೌರಕ್ಕ ಮುಗಿಸಿ ತಂಬಿಗೆ ಬೋರಲು ಹಾಕಿ ತೋರಿಸಿದಳು.

"ನಿಮಗೆಲ್ಲಾರಿಗೂ ಲಕ್ವಾ ಐತೇನು?" ಎಂದ ರಾಚಪ್ಪಜ್ಜ ಬೆರಗಾಗಿ. "ಇದು ಲಕ್ವಾದವ್ರಿಗೆ ಮಾಡಿದ್ದು ನೋಡ್ರೆವಾ. ಹೊಟ್ಟಿ ಭಾಳ ಸ್ವಚ್ಛ ಮಾಡತೈತಿ."

ಆ ಮಾತು ಸ್ವಲ್ಪ ತಡವಾಗಿ ಬಂತು.

ಶೋರೂಮಿನಲ್ಲಿ ಇದ್ದದ್ದು ಒಂದೇ ಸಂಡಾಸು. ಮೊದಲು ಕೇದಾರಿ ಓಡಿದ. ಅವನ ಹಿಂದೆ ರಾಜೇಶ್ವರಿ, ಮಲ್ಲೇಶ, ಹೊಟ್ಟೆ ಹಿಡಿದುಕೊಂಡು ಸಂಘಮಿತ್ರಾ. ಮೊಣಕಾಲು ನೋವಿನ ಗೌರಕ್ಕ ಎಲ್ಲರನ್ನೂ ದಾಟಿಕೊಂಡು ಹೋದದ್ದನ್ನು ನೋಡಿದ ಮಂದಿ ಅಜ್ಜನ ಔಷಧಕ್ಕೆ ಕೈ ಮುಗಿದರು. ಶೋರೂಮಿನವರಲ್ಲಿ ಮೈಯಲ್ಲಿ ತ್ರಾಣವಿದ್ದವರು ಸಾವಕಾರರೊಬ್ಬರೇ. ಅವರು ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿ, ಬಕೆಟ್ಟು ಹಿಡಿದು, ತಾವೇ ನೀರು ಹೊತ್ತು ತಂದು ಹಾಕತೊಡಗಿದರು. ಬಾಗಿಲ ಮುಂದೆ ನಿಂತು ಪಾಳಿ ಹಚ್ಚಿದರು.

"ನೂಕಬ್ಯಾಡ್ರಿ, ನೂಕಬ್ಯಾಡ್ರಿ! ಮಲ್ಲೇಶ, ನೀ ಬಾ. ಒಳಗಿದ್ದಾಂವಾ, ನಿನ್ನ ಹೆಸರೇನಪಾ? ಕೇದಾರಿ? ಕೇದಾರಿ, ಒಳಗ ಕುಂತು ಎಷ್ಟೊತ್ತಾತು, ಹೊರಗ ಬಾ. ಗೌರಕ್ಕಾ, ನಿಮ್ಮ ಪಾಳಿ ಮುಂದಿಂದು. ಯವ್ವಾ, ನಿನ್ನ ಹೆಸರು?"

"ಸಂಘಮಿತ್ರಾ... ರಿ," ಎಂದಳು ಅವಳು ಗೋಡೆ ಹಿಡಿದುಕೊಂಡು.

"ಸಂಘಮಿತ್ರಾ," ಎಂದು ಸಾವಕಾರರು ಒಂದೂ ಅಕ್ಷರ ನುಂಗದೆ ಅಂದರು. "ಚಲೋ ಹೆಸರ ಐತಿ. ನಿಂದ್ರಬ್ಯಾಡವಾ, ಕುಂದರು, ಕುರ್ಚಿ ತರತೇನಿ."

ಮಧ್ಯಾಹ್ನದ ತನಕ ಅವರು ಆ ಹೆಸರುಗಳನ್ನು ಎಷ್ಟು ಸಲ ಕೂಗಿದರೆಂದರೆ ಹೊರಗೆ ನಿಂತ ಗಿರಾಕಿಗಳಿಗೂ ಬಾಯಿಪಾಠವಾದವು. ಶಿವಗಂಗವ್ವ ಸುದ್ದಿ ಕೇಳಿ ಒಂದು ಕೊಡ ಮಜ್ಜಿಗೆಗೆ ಜೀರಿಗೆ, ಉಪ್ಪು ಹಾಕಿ ತಂದರು. ಬೆವತು ಹೋಗಿದ್ದ ಗಂಡನನ್ನು, ಅವರ ಕೈಯಲ್ಲಿದ್ದ ಬಕೆಟ್ಟನ್ನು ಕಣ್ಣು ಅಗಲ ಮಾಡಿ ನೋಡಿದರು.

"ನೋಡು ಶಿವಗಂಗಾ," ಎಂದರು ಸಾವಕಾರರು ಉಸಿರು ಬಿಡುತ್ತ. "ಇವ್ರೆಲ್ಲಾ ನನ್ನ ಪಾಲಿಂದು ಕುಡದ್ರು."

ಹೆಸರು ಹಿಡಿದು ಕರೆದದ್ದಕ್ಕೆ ಶಿವಗಂಗವ್ವ ಮೊದಲ ಲೋಟ ಮಜ್ಜಿಗೆಯನ್ನು ಗಂಡನ ಕೈಗೇ ಕೊಟ್ಟರು.

ಎಲ್ಲರೂ ಸುಧಾರಿಸಿಕೊಂಡು ಬಂದ ಮೇಲಿನ ಸೋಮವಾರ ಮೀಟಿಂಗು ಸೇರಿತು. ಭಜಿ ಬಂತು. ಸಾವಕಾರರು ಎದ್ದು ನಿಂತರು, ಮೀಸೆಗೆ ಕೈ ಹೋಗಿ ಹಿಂದೆ ಬಂತು.

"ಒಂದು ಜೋಕು ಐತಿ," ಎಂದರು ಅಂಜುತ್ತ. "ನಿಮ್ಮ ಯಾರ ಮ್ಯಾಲೂ ಅಲ್ಲ, ನನ್ನ ಮ್ಯಾಲ. ಹೇಳಲೇನು, ರಾಜೇಶ್ವರಿ?"

"ಹೇಳ್ರಿ ಸಾವಕಾರ್ರ. ಚಲೋ ಇದ್ರ ನಗತೇವ್ರಿ."

ಅವರು ಹೇಳಿದರು. ಶಿದ್ಲಿಂಗಪ್ಪನೆಂಬ ಒಬ್ಬ ಸಾವಕಾರ, ಅವನ ಡೊಳ್ಳು ಹೊಟ್ಟೆ, ಒಂದು ಎಮ್ಮೆ, ಎಮ್ಮೆಯ ಹಿಂದೆ ಒಂದು ಟ್ರ್ಯಾಕ್ಟರು. ಬಹಳ ಉದ್ದಕ್ಕೆ ಹೋಯಿತು. ಕಡೆಗೆ ಎಮ್ಮೆ ಎಲ್ಲಿ ಹೋಯಿತೆಂದು ಹೇಳುವವರಿಗೇ ಮರೆತಿತ್ತು. ಎಲ್ಲರೂ ಮನಸ್ಸಿಟ್ಟು ಕೇಳಿದರು. ರಾಜೇಶ್ವರಿಯಂತೂ ನಗಲು ತಯಾರಾಗಿಯೇ ಕುಂತಿದ್ದಳು. ನಗು ಬರಲಿಲ್ಲ. ಯಾರಿಗೂ ಬರಲಿಲ್ಲ.

ಸಾವಕಾರರು ಒಂದೊಂದೇ ಮುಖ ನೋಡಿದರು. ಎಲ್ಲ ಮುಖಗಳೂ ಪ್ರೀತಿಯಿಂದಲೇ ಅವರನ್ನು ನೋಡುತ್ತಿದ್ದವು.

"ಅಷ್ಟೇನು ಚಲೋ ಇರಲಿಲ್ಲಲ್ಲ?" ಎಂದು ಕೇಳಿದರು.

"ಇಲ್ರಿ," ಎಂದಳು ರಾಜೇಶ್ವರಿ.

"ನನಗೂ ಹೇಳೂ ಮುಂದ ಹಂಗ ಅನಸ್ತು," ಎಂದರು ಸಾವಕಾರರು. ಕುರ್ಚಿ ಎಳೆದುಕೊಂಡು ಅವರ ನಡುವೆಯೇ ಕುಂತು ಭಜಿಯ ತಟ್ಟೆ ಕೇದಾರಿಯ ಕಡೆ ಸರಿಸಿದರು. "ತಿನ್ರಿ, ಆರಾಕತ್ತಾವು."